ಕಾಪು ಕಡಲಿನ ಒಳ್ಳೆಯ ನೀರು

ಸೆಪ್ಟೆಂಬರ್ ಮೂರನೆಯ ವಾರದ ಗುರುವಾರ, ಮಧ್ಯಾಹ್ನ ಎರಡೂಕಾಲರ ಬಸ್ಸಿಗೆ ಕಾರ್ಕಳದಿಂದ ಹೊರಟೆ. ಕುಕ್ಕುಂದೂರಿನ ಮನೆಯಿಂದ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಳೆ ನಿಂತಿತ್ತು. ಮಣಿಪಾಲಕ್ಕೆ ಟಿಕೆಟ್ ಐವತ್ತೈದು ರೂಪಾಯಿ, ದಾರಿ ಬೈಲೂರು, ಹಿರಿಯಡ್ಕ, ಪರ್ಕಳದ ಮೂಲಕ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಕೊಡೆ, ವಾಂತಿ ಬಾರದ ಮಾತ್ರೆ, ಎರಡು ನೋಟ್‌ಪುಸ್ತಕ. ಪತ್ರಿಕೆಗೆ ಬರೆಯಬೇಕಾದ ವರದಿಯ ತಲೆಬರಹ ಬಸ್ಸು ಹತ್ತುವ ಮೊದಲೇ ಸಿದ್ಧವಾಗಿತ್ತು: ‘ಹಸಿರಾಗುತ್ತಿದೆ ಕಾಪು ಕಡಲು’.

ಅಂಥದೊಂದು ವಿಷಯವಿದೆ ಎಂದು ತಿಂಗಳ ಹಿಂದೆ ನನಗೆ ಫೋನಿನಲ್ಲಿ ತಿಳಿಸಿದವರು ಐರಿನ್ ಡಿಸೋಜ. ಐವತ್ತೆಂಟು ವರ್ಷದ ಸಮುದ್ರ ವಿಜ್ಞಾನಿ. ಮಣಿಪಾಲದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ, ಬರುವ ಮಾರ್ಚಿನಲ್ಲಿ ನಿವೃತ್ತಿ. ಕಾಪು ದೀಪಸ್ತಂಭದ ಎದುರು, ದಡದಿಂದ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ ಅವರದೊಂದು ಗೊತ್ತಾದ ಜಾಗವಿದೆ. ಹದಿನೈದು ವರ್ಷಗಳಿಂದ, ಹದಿನೈದು ದಿನಕ್ಕೊಮ್ಮೆ, ಅಲ್ಲಿಂದ ನೀರು ತಂದು ಅದರಲ್ಲಿ ಎಷ್ಟು ಹಸಿರು ಇದೆಯೆಂದು ಅಳೆಯುತ್ತಾರೆ. ಜೂನ್, ಜುಲೈಯಲ್ಲಿ ಕಡಲಿಗೆ ಇಳಿಯಲಾಗದ ವಾರಗಳನ್ನು ಬಿಟ್ಟರೆ ಈ ಕೆಲಸ ನಿಂತದ್ದಿಲ್ಲ.

ಮಣಿಪಾಲದಲ್ಲಿ ಇಳಿದಾಗ ಮೂರೂವರೆ. ಪ್ರಯೋಗಾಲಯ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಒಳಗೆ ಎರಡು ಫ್ರಿಜ್, ಒಂದು ಪಂಪು, ಕಪಾಟಿನ ತುಂಬ ವರ್ಷವಾರು ಕಟ್ಟಿಟ್ಟ ಹಾಳೆಗಳು. ಐರಿನ್ ಚಹಾ ತರಿಸಿದರು, ಜೊತೆಗೆ ಬನ್ಸ್. ನಾನು ಕೇಳುವ ಮೊದಲೇ ವಿಷಯ ಶುರು ಮಾಡಿದರು.

"ಹುಲ್ಲು ಇಲ್ಲದಿದ್ದರೆ ದನ ಇಲ್ಲ, ಅಲ್ವಾ? ಕಡಲಿಗೂ ಒಂದು ಹುಲ್ಲು ಉಂಟು. ಕಣ್ಣಿಗೆ ಕಾಣುವುದಿಲ್ಲ. ನೀರಿನಲ್ಲಿ ತೇಲುತ್ತದೆ, ಬಿಸಿಲು ತಿಂದು ಬೆಳೆಯುತ್ತದೆ. ಬೂತಾಯಿ ಮೀನು ತಿನ್ನುವುದು ಅದನ್ನೇ. ನಾವು ಬೂತಾಯಿ ತಿನ್ನುತ್ತೇವೆ."

ಪುಸ್ತಕದಲ್ಲಿ ಇದಕ್ಕೆ ಸಸ್ಯಪ್ಲವಕ ಎನ್ನುತ್ತಾರೆ. ತಂಪು ನೀರಿನಲ್ಲಿ ಅದರ ಬೆಳೆ ಹೆಚ್ಚು. ದಕ್ಷಿಣ ಧ್ರುವದ ಸುತ್ತಲಿನ ಕಡಲಿನಂಥ ಶೀತಲ ಸಾಗರಗಳಲ್ಲಿ ಹಲವು ದೇಶಗಳವರು ಇದನ್ನು ದಶಕಗಳಿಂದ ಅಳೆಯುತ್ತಿದ್ದಾರೆ. ಐರಿನ್ ಕೆಲಸ ಕಲಿತದ್ದೂ ಅಂಥ ಕಡಲಿಗೆ ಹೋದ ಒಂದು ಹಡಗಿನಲ್ಲಿ. ನಮ್ಮ ಕಡಲು ಬೆಚ್ಚಗಿನದು. ಆದರೆ ಮಳೆಗಾಲದ ಗಾಳಿ ದಡದ ಮೇಲಿನ ನೀರನ್ನು ಆಚೆಗೆ ಸರಿಸಿದಾಗ ಆಳದ ತಣ್ಣನೆಯ ನೀರು ಗೊಬ್ಬರದ ಸಮೇತ ಮೇಲಕ್ಕೆ ಏರುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ಕಾಪುವಿನ ಎದುರಿಗೂ ಒಂದು ತಂಪು ಕಡಲು ಬಂದು ನಿಲ್ಲುತ್ತದೆ. ಕೆಲವೇ ವಾರ ಮಾತ್ರ.

ಗೋಡೆಯ ಮೇಲೆ ಹದಿನೈದು ವರ್ಷಗಳ ನಕ್ಷೆ ಅಂಟಿಸಿತ್ತು. ಮೊದಲ ಎಂಟು ವರ್ಷ ಗೆರೆ ಸಣ್ಣ ದಿಬ್ಬಗಳಂತೆ ಏರಿಳಿದಿತ್ತು. ಅಲ್ಲಿಂದ ಈಚೆ ಪ್ರತಿ ಸೆಪ್ಟೆಂಬರಿನಲ್ಲೂ ಗರಗಸದ ಹಲ್ಲಿನ ಹಾಗೆ ನೇರ ಮೇಲಕ್ಕೆ ಹೋಗಿತ್ತು. ನನ್ನ ತಲೆಬರಹಕ್ಕೆ ಆಧಾರ ಅದೇ.

"ಅದೇ ತೊಂದರೆ" ಎಂದರು ಐರಿನ್. "ಎಂಟನೇ ವರ್ಷದ ಕೊನೆಗೆ ನಮ್ಮ ದೋಣಿ ಬದಲಾಯಿತು. ಅದೇ ಹೊತ್ತಿಗೆ ಗೆರೆ ಏರಿತು."

ಮೊದಲ ಎಂಟು ವರ್ಷ ನೀರು ತಂದುಕೊಟ್ಟವರು ಕಾಪುವಿನ ವಾಮನ ಕುಂದರ್ ಎಂಬ ಮೀನುಗಾರರು. ಜಾಗ ತೋರಿಸುವ ಕೈಯಳತೆಯ ಜಿಪಿಎಸ್ ಒಂದು ಎರಡನೆಯ ವರ್ಷವೇ ಸಹಾಯಕರೊಬ್ಬರ ಕೈಯಿಂದ ಜಾರಿ ಕಡಲು ಸೇರಿತ್ತು. ಅಲ್ಲಿಂದ ಮುಂದೆ ಕುಂದರ್ ಗುಡ್ಡ ನೋಡಿ, ದೀಪಸ್ತಂಭ ನೋಡಿ ದೋಣಿ ನಿಲ್ಲಿಸಿದರು. ಸಹಾಯಕರು ಹಾಳೆಯಲ್ಲಿ ಹಳೆಯ ಅಂಕಿಯನ್ನೇ ಪ್ರತಿ ಸಲ ನಕಲು ಮಾಡಿದರು. ಕುಂದರ್ ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಅವರು ಕಡಲು ಬಿಟ್ಟ ಮೇಲೆ ಮಲ್ಪೆಯ ದಿನೇಶ್ ಎಂಬವರ ದೋಣಿ ಬಂತು. ಅದರಲ್ಲಿ ಜಾಗ ತೋರಿಸುವ ಯಂತ್ರ ಇತ್ತು.

ಈಗ ಹಲವು ದೇಶಗಳ ತಂಪು ನೀರಿನ ದೀರ್ಘ ದಾಖಲೆಗಳನ್ನೆಲ್ಲ ಒಂದೆಡೆ ಸೇರಿಸುವ ಕೆಲಸ ನಡೆಯುತ್ತಿದೆ. ಐರಿನ್ ಅವರ ದಾಖಲೆಯೂ ಸೇರಬೇಕು. ಪರಿಶೀಲಕರು ಒಂದು ನಮೂನೆ ಕಳಿಸಿದ್ದರು. ಅದರ ಮೂರನೆಯ ಪ್ರಶ್ನೆ: ಎಲ್ಲ ಮಾದರಿಗಳನ್ನೂ ಒಂದೇ ಸ್ಥಳದಲ್ಲಿ ತೆಗೆಯಲಾಗಿದೆಯೇ? ಹೌದು, ಇಲ್ಲ ಎಂದು ಎರಡು ಚೌಕ, ಕೆಳಗೆ ಟಿಪ್ಪಣಿಗೆ ನಾಲ್ಕು ಗೆರೆ. ಪಕ್ಕದಲ್ಲಿ ಯಾರೋ ಕೇಳಿದ್ದರು: ಆರು ವರ್ಷ ದೋಣಿ ಒಂದು ಅಂಗುಲವೂ ಅಲ್ಲಾಡಲಿಲ್ಲವೆ?

"ಸರಿಯಾದ ಪ್ರಶ್ನೆ" ಎಂದರು ಐರಿನ್. "ಶನಿವಾರ ಸಂಜೆಯೊಳಗೆ ಉತ್ತರ ಕಳಿಸಬೇಕು. ಎಂಟು ವರ್ಷ ಬಿದ್ದುಹೋದರೆ ಉಳಿಯುವುದು ಏಳು. ಏಳು ವರ್ಷದ ದಾಖಲೆಯನ್ನು ದೀರ್ಘ ಅಂತ ಯಾರೂ ಕರೆಯುವುದಿಲ್ಲ. ನನಗೆ ಮತ್ತೆ ಎಂಟು ವರ್ಷ ಇಲ್ಲ."

ಅದಕ್ಕಾಗಿ ಮಾರನೆಯ ದಿನದ ಪ್ರಯಾಣ. ಯಂತ್ರ ಮುಚ್ಚಿಟ್ಟು ವಾಮನ ಕುಂದರ್ ತಮ್ಮ ಲೆಕ್ಕದಲ್ಲೇ ಜಾಗ ಹುಡುಕಬೇಕು. ಅಲ್ಲಿ ಯಂತ್ರ ತೆರೆದು ನೋಡಬೇಕು.

ಶುಕ್ರವಾರ ಬೆಳಗಿನ ಜಾವ ಐರಿನ್ ಅವರ ಕಾರಿನಲ್ಲಿ ಮಲ್ಪೆಗೆ ಹೋದೆವು. ಬಂದರಿನಲ್ಲಿ ಏಲಂ ನಡೆಯುತ್ತಿತ್ತು. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಬುಟ್ಟಿ ಹೊತ್ತ ಹೆಂಗಸರ ಗದ್ದಲ. ಕಾಲಿಡುವಲ್ಲೆಲ್ಲ ಮೀನಿನ ನೀರು. ದಿನೇಶ್ ಅವರ ದೋಣಿ ದಕ್ಕೆಯ ಕಟ್ಟೆಯ ತುದಿಯಲ್ಲಿತ್ತು. ಮೂವತ್ತು ಅಡಿಯ ಫೈಬರ್ ದೋಣಿ, ಹಿಂದೆ ಎರಡು ಎಂಜಿನು. ದಿನೇಶ್ ನಲವತ್ತರ ಆಸುಪಾಸಿನ ಗಟ್ಟಿ ಆಳು, ಮಾತಿಗಿಂತ ನಗು ಮೊದಲು.

ವಾಮನ ಕುಂದರ್ ಆಗಲೇ ಬಂದು ದೋಣಿಯ ಅಡ್ಡಹಲಗೆಯ ಮೇಲೆ ಕುಳಿತಿದ್ದರು. ವಯಸ್ಸು ಅರವತ್ತೇಳು. ಬಿಳಿ ಅಂಗಿ, ಮಡಚಿ ಕಟ್ಟಿದ ಲುಂಗಿ. ಏಳು ವರ್ಷಗಳ ಮೇಲೆ ಕಡಲಿಗೆ ಹೊರಟಿದ್ದರು. ಐರಿನ್ ಅವರನ್ನು ಕಂಡು ಏಳಲು ನೋಡಿದರು.

"ಕೂತುಕೊಳ್ಳಿ ವಾಮಣ್ಣ. ಕಾಲು ಹೇಗುಂಟು?"

"ಕಾಲು ಎಂತ ಐರಿನ್ ಬಾಯಿ, ಡಾಕ್ಟರು ಹೊಸತು ಹಾಕಿದ್ದಾರೆ. ನೆಲದ ಮೇಲೆ ನೋವು. ದೋಣಿಯಲ್ಲಿ ಇಲ್ಲ."

ದಿನೇಶ್ ಹೆಗಲಿನ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ಜಿಪಿಎಸ್ ಪರದೆಗೆ ಸುತ್ತಿ ಗಂಟು ಹಾಕಿದರು. "ಮಾಮ, ನಡುವಿನಲ್ಲಿ ಬೈರಾಸು ಎತ್ತಿ ನೋಡಬಾರದು."

"ಬೇಕಾದರೆ ನನ್ನ ಕಣ್ಣಿಗೆ ಕಟ್ಟು. ಮೂಸಿ ಹೇಳುತ್ತೇನೆ."

"ಮೂಸಿದರೆ ಸೀದಾ ಹೋಟೆಲಿಗೆ ಕರಕೊಂಡು ಹೋಗ್ತೀರಿ ಮಾಮ."

ಐದೂವರೆಗೆ ದೋಣಿ ಬಂದರು ಬಿಟ್ಟಿತು. ಅಳಿವೆಯ ಬಾಯಿಯಲ್ಲಿ ನಾಲ್ಕೈದು ದೊಡ್ಡ ಅಲೆ ಎದುರಾದವು. ಅದರಾಚೆ ಕಡಲು ಸಾಧುವಾಗಿತ್ತು. ದಕ್ಷಿಣಕ್ಕೆ ತಿರುಗಿ ದಡದಿಂದ ದೂರ ಸರಿಯುತ್ತ ಹೋದೆವು. ನಾನು ಮಾತ್ರೆ ನುಂಗಿದ್ದರಿಂದ ಮಾನ ಉಳಿಯಿತು. ಆರೂಕಾಲರ ಹೊತ್ತಿಗೆ ಪೂರ್ವದಲ್ಲಿ ಘಟ್ಟದ ಸಾಲು ಒಂದೇ ಕಪ್ಪು ಗೆರೆಯಾಗಿ ಮೂಡಿತು. ಮಳೆ ಬಿಟ್ಟ ಬೆಳಗು ಆದ್ದರಿಂದ ಅಂಚು ಸ್ಪಷ್ಟವಾಗಿತ್ತು. ಕಾಪುವಿನ ದೀಪಸ್ತಂಭ ದಡದ ಮೇಲೆ ಒಂದು ಕಡ್ಡಿಯಷ್ಟೇ ಕಾಣುತ್ತಿತ್ತು.

ವಾಮಣ್ಣ ಬಲಗೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳು ನೇರ ಹಿಡಿದರು. ಆಮೇಲೆ ಕೆಲಸದ ಗುಟ್ಟನ್ನು ನನಗೆ ಬಿಡಿಸಿ ಹೇಳಿದರು. ದೀಪಸ್ತಂಭದ ತಲೆಯ ಮೇಲೆ ಕುದುರೆಮುಖದ ಮೂಗು ಬಂದು ಕೂರಬೇಕು. ಅದು ಒಂದು ಗುರುತು. ಆ ಗೆರೆಯ ಮೇಲೆಯೇ ಆಚೆಗೆ ಹೋಗುತ್ತಿರಬೇಕು. ಬಡಗಿನಲ್ಲಿ ಮಲ್ಪೆ ಎದುರಿನ ದ್ವೀಪದ ತೆಂಗಿನ ಮರಗಳು ಮೆಲ್ಲಗೆ ನೀರಿಗೆ ಇಳಿಯುತ್ತವೆ. ಕಾಂಡ ಮುಳುಗಿ ತಲೆ ಮಾತ್ರ ಉಳಿದಾಗ ಎಂಜಿನು ನಿಲ್ಲಿಸಬೇಕು. ಅದು ಎರಡನೆಯ ಗುರುತು. ಎರಡು ಗುರುತು ಕೂಡಿದಲ್ಲಿ ಹನ್ನೆರಡು ಮಾರು ನೀರು.

"ಮರ ಬಿದ್ದರೆ?" ಎಂದು ಕೇಳಿದೆ.

"ಒಂದು ಮರ ಬಿದ್ದರೆ ಇನ್ನೊಂದು ಉಂಟು. ಗುಡ್ಡ ಬಿದ್ದರೆ ನೀವು ಪೇಪರಿನಲ್ಲಿ ಹಾಕ್ತೀರಲ್ಲ, ಆಗ ಗೊತ್ತಾಗ್ತದೆ."

ದಿನೇಶ್ ಜೋರಾಗಿ ನಕ್ಕರು. ಐರಿನ್ ನಗಲಿಲ್ಲ. ಅವರ ದೃಷ್ಟಿ ಬೈರಾಸು ಸುತ್ತಿದ ಪೆಟ್ಟಿಗೆಯ ಮೇಲಿತ್ತು.

ವಾಮಣ್ಣ ಕೈಯಿಂದಲೇ ದಾರಿ ತೋರಿಸಿದರು. ಸ್ವಲ್ಪ ತೆಂಕು, ಸ್ವಲ್ಪ ಹಿಂದೆ. ಎರಡು ಸಲ ತಲೆ ಅಲ್ಲಾಡಿಸಿ ದೋಣಿ ತಿರುಗಿಸಿದರು. ಏಳಕ್ಕೆ ಐದು ನಿಮಿಷ ಇರುವಾಗ ಅಂಗೈ ಕೆಳಗೆ ಮಾಡಿದರು. ಎಂಜಿನು ನಿಂತಿತು. ಹಗ್ಗ ಕಟ್ಟಿದ ಲಂಗರು ಇಳಿಯಿತು. ದಿನೇಶ್ ಮಾರು ಎಣಿಸಿದರು. ಹನ್ನೆರಡು.

ಬೈರಾಸು ಬಿಚ್ಚಿದರು. ಐರಿನ್ ಪರದೆಯ ಅಂಕಿಯನ್ನು ಬರೆದುಕೊಂಡು ತಮ್ಮ ಹಾಳೆಯ ಅಂಕಿಯ ಪಕ್ಕ ಇಟ್ಟು ಲೆಕ್ಕ ಹಾಕಿದರು. ಒಮ್ಮೆ ಮಾಡಿದ ಲೆಕ್ಕವನ್ನೇ ಮತ್ತೊಮ್ಮೆ ಮಾಡಿದರು.

"ಇನ್ನೂರು ಮೀಟರಿನ ವ್ಯತ್ಯಾಸ. ಅಷ್ಟೇ."

"ಇನ್ನೂರಾ?" ವಾಮಣ್ಣನ ಮುಖ ಸಪ್ಪಗಾಯಿತು. "ಅಷ್ಟು ತಪ್ಪಿತಾ?"

"ತಪ್ಪಲ್ಲ ವಾಮಣ್ಣ. ಲಂಗರು ಹಾಕಿದ ದೋಣಿ ತಿರುಗುವುದೇ ಅದರ ಅರ್ಧ. ನೀರಂತೂ ದಿನಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಓಡಾಡ್ತದೆ. ಜಾಗ ಅದೇ."

ಐರಿನ್ ಚೀಲದಿಂದ ಡಬ್ಬಿ ತೆಗೆದು ಎಲ್ಲರಿಗೂ ಗೋಳಿಬಜೆ ಹಂಚಿದರು. ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕಿತ್ತು. ನನ್ನ ತಲೆಬರಹವೂ ಗಟ್ಟಿಯಾಗಿತ್ತು.

ಬೆಳಕು ಹೆಚ್ಚಿದಂತೆ ನೀರಿನ ಬಣ್ಣ ಕಂಡಿತು. ನಾವು ನಿಂತಿದ್ದಲ್ಲಿ ಅದು ಹಸಿರಾಗಿತ್ತು. ತಿಳಿಹಸಿರಲ್ಲ, ಬಸಳೆ ಬೇಯಿಸಿದ ನೀರಿನಂಥ ಹಸಿರು. ಮೇಲೆ ತೆಳುವಾದ ಲೋಳೆಯ ಪಟ್ಟಿಗಳು, ನಿಂತ ಕೆರೆಯ ವಾಸನೆ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಆ ಹಸಿರು ಮುಗಿದು ನೀಲಿ ಬೂದು ಬಣ್ಣದ ನೀರು ಶುರುವಾಗಿತ್ತು. ನಡುವಿನ ಅಂಚು ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಐರಿನ್ ಕೆಲಸ ಆರಂಭಿಸಿದರು. ಊಟದ ತಟ್ಟೆಯಷ್ಟು ದೊಡ್ಡ ಬಿಳಿ ಬಿಲ್ಲೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟರು. ಅದು ಕಣ್ಣಿಗೆ ಮರೆಯಾಗುವ ಆಳ ಬರೆದುಕೊಳ್ಳಬೇಕು. ಒಂದೂವರೆ ಮೀಟರಿಗೇ ಮರೆಯಾಯಿತು. ಮೇಲಿನ ನೀರಿನ ಶಾಖ ಇಪ್ಪತ್ತಾರು ಡಿಗ್ರಿ. ತಳದಿಂದ ತಂದ ನೀರು ಇಪ್ಪತ್ತಮೂರು. ಆ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಬಾವಿಯಿಂದ ಆಗಷ್ಟೇ ಸೇದಿದ ಹಾಗಿತ್ತು.

"ನಾನು ಹೋದ ಕಡಲಿನಲ್ಲಿ ಇದು ಸೊನ್ನೆಯ ಹತ್ತಿರ ಇರ್ತಿತ್ತು. ಬೆರಳು ಮರಗಟ್ಟಿ ಮುಚ್ಚಳ ತಿರುಗಿಸಲಿಕ್ಕೆ ಆಗ್ತಿರಲಿಲ್ಲ" ಎಂದರು ಐರಿನ್.

"ಅಲ್ಲಿಯವರಿಗೆ ಐಸ್ ಪ್ಲಾಂಟಿನ ಖರ್ಚು ಇಲ್ಲ" ಎಂದರು ದಿನೇಶ್.

ನೀರು ಹಿಡಿಯುವ ಕೊಳವೆಯನ್ನು ಐರಿನ್ ಎರಡನೆಯ ಸಲ ಹಗ್ಗಕ್ಕೆ ಕಟ್ಟುತ್ತಿದ್ದರು. ಆಗ ವಾಮಣ್ಣ ಕೇಳಿದರು: "ಇಲ್ಲಿಯೇ ತೆಗೆಯುವುದಾ ಬಾಯಿ? ಈ ನೀರಿನಲ್ಲಾ?"

"ಮತ್ತೆಲ್ಲಿ?"

"ಇದು ಹಾಳು ನೀರು. ಬಲೆಗೆ ಹತ್ತಿದರೆ ಲೋಳೆ ಹೋಗುವುದಿಲ್ಲ. ಮೀನೂ ನಿಲ್ಲುವುದಿಲ್ಲ. ಅಕೊ ಅಲ್ಲಿ, ಹತ್ತು ನಿಮಿಷ ಹೋದರೆ ಒಳ್ಳೆ ನೀರುಂಟು. ನಾನು ಯಾವಾಗಲೂ ಅಲ್ಲಿಂದಲೇ..."

ಅವರು ಅಲ್ಲಿಗೆ ನಿಲ್ಲಿಸಿದರು. ಐರಿನ್ ಅವರ ಕೈಯಲ್ಲಿದ್ದ ಹಗ್ಗವೂ ನಿಂತಿತ್ತು.

"ಯಾವಾಗಲೂ ಅಂದರೆ?"

"ಹೀಗೆ ಪಚ್ಚೆ ನೀರು ಬಂದ ದಿನ ಮಾತ್ರ. ಬೇರೆ ದಿನ ಇಲ್ಲಿಯೇ. ದೇವರಾಣೆಗೂ ಇಲ್ಲಿಯೇ."

ಆಮೇಲೆ ಐರಿನ್ ಒಂದೊಂದೇ ಪ್ರಶ್ನೆ ಕೇಳಿದರು, ದನಿ ಏರಿಸದೆ. ದೋಣಿಯಲ್ಲಿ ಇರುತ್ತಿದ್ದ ಸಹಾಯಕರು ಏನೂ ಹೇಳಲಿಲ್ಲವೆ? ಅವರು ವಾಂತಿ ಮಾಡುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದರು, ಬೇಗ ಮುಗಿದರೆ ಸಾಕು ಎನ್ನುತ್ತಿದ್ದರು. ಎಷ್ಟು ದೂರ ಹೋಗುತ್ತಿದ್ದಿರಿ? ಒಳ್ಳೆ ನೀರು ಸಿಗುವವರೆಗೆ. ಎಷ್ಟು ಸಲ? ಪ್ರತಿ ವರ್ಷ ಒಂದೆರಡು, ಕೆಲವು ವರ್ಷ ಮೂರು. ಯಾವ ತಿಂಗಳು? ಹೆಚ್ಚಾಗಿ ಇದೇ ತಿಂಗಳು, ಎಂಟನೇ ತಾರೀಕಿನ ಕ್ರೈಸ್ತರ ಮೊಂತಿ ಹಬ್ಬ ಕಳೆದ ಮೇಲೆ.

"ಯಾಕೆ ವಾಮಣ್ಣ?"

"ಯಾಕೆ ಅಂದರೆ?" ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಾವಿ ನೀರು ಪರೀಕ್ಷೆಗೆ ಕೊಡುವಾಗ ಕೊಡಪಾನ ತೊಳೆದು ಮೇಲಿನ ಕಸ ಸರಿಸಿ ಕೊಡುವುದಿಲ್ಲವಾ? ಇಲ್ಲಿಂದ ಮಣಿಪಾಲಕ್ಕೆ ಹೋಗುವ ನೀರು. ಕೊಳಕು ತುಂಬಿಸಿ ಕಳಿಸಿದರೆ ನೋಡುವವರು ಎಂತ ಹೇಳ್ತಾರೆ? ಕಾಪುವಿನವರಿಗೆ ನಾಲ್ಕು ಬಾಟ್ಲಿ ಒಳ್ಳೆ ನೀರು ತರಲಿಕ್ಕೆ ಆಗಲಿಲ್ಲ ಅಂತ."

ಐರಿನ್ ಕೊಳವೆಯನ್ನು ಹಲಗೆಯ ಮೇಲೆ ಇಟ್ಟು ವಾಮಣ್ಣನ ಎದುರು ಕುಳಿತರು. "ನಮಗೆ ಬೇಕಿದ್ದದ್ದು ಆ ಕೊಳಕೇ ವಾಮಣ್ಣ. ಆ ಪಚ್ಚೆಯನ್ನೇ ನಾನು ಅಳೆಯುವುದು."

ವಾಮಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈರಾಸಿನಿಂದ ಮುಖ ಒರಸಿಕೊಂಡರು. "ಒಂದು ಮಾತು ಹೇಳಿದ್ದರೆ..."

"ಹೌದು. ಎಂಟು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲ. ಹೊಸ ಸಹಾಯಕರು ಬಂದಾಗಲೆಲ್ಲ ಅವರಿಗೆ ಅರ್ಧ ದಿನ ಪಾಠ ಮಾಡಿದೆ. ನಿಮಗೆ ಜಾಗ ಮಾತ್ರ ಹೇಳಿದೆ."

ನಾನು ನೋಟ್‌ಪುಸ್ತಕದಲ್ಲಿ ತಲೆಬರಹದ ಮೇಲೆ ಗೆರೆ ಎಳೆದೆ. ಗೋಡೆಯ ನಕ್ಷೆಯ ಆ ಸಣ್ಣ ದಿಬ್ಬಗಳು ಕಡಲಿನವಲ್ಲ, ವಾಮಣ್ಣನ ಮರ್ಯಾದೆಯವು. ಕಡಲು ಮೊದಲೂ ಹೀಗೆಯೇ ಹಸಿರಾಗುತ್ತಿತ್ತು. ಬಾಟಲಿಗೆ ಬಂದಿರಲಿಲ್ಲ, ಅಷ್ಟೇ.

ಆದರೆ ಕೆಲಸ ನಿಲ್ಲಲಿಲ್ಲ. ಹಸಿರು ನೀರಿನಿಂದ ಎರಡು ಬಾಟಲಿ ತುಂಬಿದರು. ಒಂದು ಹಾಗೆಯೇ, ಇನ್ನೊಂದಕ್ಕೆ ಕಪ್ಪು ಬಟ್ಟೆ ಸುತ್ತಿ. ಎರಡನ್ನೂ ತಳಕ್ಕೆ ಭಾರ ಇಳಿಸಿ ನಿಲ್ಲಿಸಿದ ತೇಲುಬುರುಡೆಗೆ ಕಟ್ಟಿ ನೀರಿನಲ್ಲಿ ತೂಗುಬಿಟ್ಟರು. ಬೆಳಕು ಸಿಕ್ಕ ಬಾಟಲಿಯಲ್ಲಿ ಆ ಕಾಣದ ಹುಲ್ಲು ಆಮ್ಲಜನಕ ಬಿಡುತ್ತದೆ, ಕತ್ತಲೆಯಲ್ಲಿ ಉಸಿರಾಡುವುದು ಮಾತ್ರ. ನಾಲ್ಕು ಗಂಟೆಯ ಮೇಲೆ ಎರಡರ ವ್ಯತ್ಯಾಸ ನೋಡಿದರೆ ಎಷ್ಟು ಬೆಳೆ ಎಂಬುದು ಗೊತ್ತಾಗುತ್ತದೆ.

ಆಮೇಲೆ ಐರಿನ್ ದಿನೇಶ್ ಅವರಿಗೆ ಹೇಳಿದರು: "ಲಂಗರು ಎತ್ತಿ. ವಾಮಣ್ಣ ತೋರಿಸಿದಲ್ಲಿಗೆ ಹೋಗುವ." ವಾಮಣ್ಣನ ಕಡೆ ತಿರುಗಿದರು. "ಅವತ್ತು ಹೇಗೆ ಮಾಡ್ತಿದ್ದಿರೋ ಹಾಗೆಯೇ ಮಾಡಿ."

ವಾಮಣ್ಣ ಮನಸ್ಸಿಲ್ಲದ ಮನಸ್ಸಿನಿಂದ ಕೈ ಚಾಚಿದರು. ಹಸಿರಿನ ಅಂಚು ದಾಟಿ ಇನ್ನೂ ಸ್ವಲ್ಪ ಹೋಗಿ ಅಂಗೈ ಕೆಳಗೆ ಮಾಡಿದರು. ಯಂತ್ರದ ಪ್ರಕಾರ ಮೊದಲ ಜಾಗದಿಂದ ಒಂದೂಕಾಲು ಕಿಲೋಮೀಟರ್. ಬಿಳಿ ಬಿಲ್ಲೆ ಇಲ್ಲಿ ಆರು ಮೀಟರಿನವರೆಗೂ ಕಂಡಿತು. ಇಲ್ಲಿಂದಲೂ ನೀರು ತುಂಬಿ, ಬಾಟಲಿಗೆ ಬೇರೆ ಬಣ್ಣದ ಚೀಟಿ ಅಂಟಿಸಿದರು.

ಮತ್ತೆ ಮೊದಲ ಜಾಗಕ್ಕೆ ಬಂದು ಬಾಟಲಿಗಳನ್ನು ಕಾದೆವು. ಬಿಸಿಲು ಏರಿತು. ದಿನೇಶ್ ತಂದಿದ್ದ ಬುತ್ತಿಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ. ವಾಮಣ್ಣ ಎರಡು ತುತ್ತಿಗೇ ಮುಗಿಸಿದರು.

"ಬಾಯಿ, ಅಲ್ಲಿ ಕೇಳಿದ್ದು ಜಾಗದ ವಿಷಯ ಮಾತ್ರ ಅಲ್ವಾ?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. "ಜಾಗ ಸರಿ ಉಂಟು ಅಂತ ನೀವೇ ನೋಡಿದ್ದೀರಿ. ಹೌದು ಅಂತ ಹಾಕಿ. ನನ್ನ ಹುಚ್ಚಿಗೆ ನಿಮ್ಮ ಇಷ್ಟು ವರ್ಷ ಯಾಕೆ ನೀರಿಗೆ ಹೋಗಬೇಕು? ಗೊತ್ತಿರುವುದು ನಮಗೆ ನಾಲ್ಕು ಜನಕ್ಕೆ." ಮತ್ತೆ ನನ್ನನ್ನು ನೋಡಿ, "ಬರೆಯಬೇಡಿ ಅಂತ ಇವರಿಗೂ ಹೇಳುವ" ಎಂದರು.

ಆ ಪ್ರಶ್ನೆಗೆ ‘ಹೌದು’ ಎಂದು ಬರೆದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಐರಿನ್ ಬರೆಯಬಹುದಿತ್ತು.

"ಹತ್ತು ವರ್ಷ ಬಿಟ್ಟು ಯಾರೋ ಆ ಗೆರೆ ನೋಡ್ತಾರೆ" ಎಂದರು. "ಕಾಪುವಿನ ಕಡಲು ಇಂಥ ವರ್ಷದಿಂದ ಹಸಿರಾಯಿತು ಅಂತ ಬರೀತಾರೆ. ಅದಕ್ಕೆ ಕಾರಣ ಹುಡುಕ್ತಾರೆ. ಕಾರಣ ಸಿಗ್ತದೆ ಕೂಡ, ಹುಡುಕಿದರೆ ಎಲ್ಲದಕ್ಕೂ ಸಿಗ್ತದೆ."

ಹನ್ನೊಂದೂಕಾಲಕ್ಕೆ ಬಾಟಲಿ ಎತ್ತಿ ಹೊರಟು ಒಂದು ಗಂಟೆಗೆ ಮಲ್ಪೆ ಸೇರಿದೆವು. ವಾಮಣ್ಣ ಕಾಪು ಬಸ್ಸಿಗೆ ಹೋದರು. ನಾವು ಮಣಿಪಾಲಕ್ಕೆ.

ಪ್ರಯೋಗಾಲಯದಲ್ಲಿ ಐರಿನ್ ಎರಡೂ ನೀರನ್ನು ಸೋಸಿದರು. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲದ ಬಿಳಿ ಗಾಜುನಾರಿನ ಕಾಗದ, ಕೆಳಗಿನಿಂದ ಪಂಪು ನೀರನ್ನು ಎಳೆಯುತ್ತದೆ. ಹಸಿರು ನೀರು ಒಂದು ಲೀಟರಿನ ಮೂರನೆಯ ಒಂದು ಭಾಗ ಇಳಿಯುವಷ್ಟರಲ್ಲಿ ಕಾಗದ ಕಟ್ಟಿಕೊಂಡಿತು. ಸೊಪ್ಪು ಅರೆದು ಹಚ್ಚಿದ ಹಾಗೆ ದಪ್ಪ ಹಸಿರು. ಒಳ್ಳೆಯ ನೀರು ಪೂರ್ತಿ ಇಳಿದು ಹೋಯಿತು. ಕಾಗದದ ಮೇಲೆ ಉಳಿದದ್ದು ಹಳೆಯ ಪುಸ್ತಕದ ಹಾಳೆಯಷ್ಟು ಮಾಸಿದ ಬಣ್ಣ. ಎರಡನ್ನೂ ಚಿಮ್ಮಟದಲ್ಲಿ ಎತ್ತಿ ಅಕ್ಕಪಕ್ಕ ಇಟ್ಟು ಐರಿನ್ ತುಂಬ ಹೊತ್ತು ನೋಡಿದರು. ಬಳಿಕ ಬೆಳಕು ತಾಗದಂತೆ ಸುತ್ತಿ ಫ್ರಿಜ್ಜಿನಲ್ಲಿಟ್ಟು, ಕಪಾಟಿನಿಂದ ಮೊದಲ ಎಂಟು ವರ್ಷಗಳ ಸೆಪ್ಟೆಂಬರ್, ಅಕ್ಟೋಬರ್ ಹಾಳೆಗಳನ್ನು ಹೊರತೆಗೆದರು. ನಾನು ಹತ್ತಿರದ ವಸತಿಗೃಹಕ್ಕೆ ಹೋಗಿ ಮಲಗಿದೆ.

ಶನಿವಾರ ಬೆಳಿಗ್ಗೆ ಉಡುಪಿಯಿಂದ ಇಬ್ಬರೂ ಬಸ್ಸಿನಲ್ಲಿ ಕಾಪುವಿಗೆ ಹೋದೆವು. ಹೆದ್ದಾರಿಯಲ್ಲಿ ಅರ್ಧ ಗಂಟೆಯೂ ಆಗಲಿಲ್ಲ. ಪೇಟೆಯಿಂದ ಕಡಲಿನ ಕಡೆಗೆ ರಿಕ್ಷಾ. ವಾಮಣ್ಣನ ಮನೆ ದೀಪಸ್ತಂಭದಿಂದ ಕೂಗಳತೆಯಲ್ಲಿದೆ, ಅಂಗಳ ಪೂರ್ತಿ ಮರಳು. ಅವರ ಹೆಂಡತಿ ನೀರುದೋಸೆ, ಬೂತಾಯಿ ಪುಳಿಮುಂಚಿ ಸಾರು ಬಡಿಸಿದರು. ತಿನ್ನದೆ ಮಾತಿಲ್ಲ ಎಂದರು. ತಿಂದೆವು.

ಐರಿನ್ ಹಾಳೆಗಳನ್ನು ಜಗಲಿಯ ಮೇಲೆ ಹರಡಿದರು. "ಯಾವ ದಿನ ಒಳ್ಳೆ ನೀರಿಗೆ ಹೋದದ್ದು ಅಂತ ನೆನಪುಂಟಾ? ನೆನಪಿಲ್ಲದಿದ್ದರೆ ಇಲ್ಲ ಅಂತ ಹೇಳಿ. ಅಂದಾಜು ಬೇಡ."

ವಾಮಣ್ಣ ದಿನಾಂಕಗಳನ್ನು ಬೆರಳಿಟ್ಟು ಓದಿದರು. ಹೆಚ್ಚಿನವಕ್ಕೆ ತಲೆ ಅಲ್ಲಾಡಿಸಿದರು. ನಾಲ್ಕು ಕಡೆ ನಿಂತರು. ಒಂದು, ದೊಡ್ಡ ಅಳಿಯ ದುಬೈಯಿಂದ ಬಂದ ದಿನ. ಬೇಗ ಮನೆಗೆ ಬರಬೇಕಿತ್ತು, ಒಳ್ಳೆ ನೀರು ಹುಡುಕಿ ತಡವಾಗಿತ್ತು. ಇನ್ನೊಂದು, ಚೌತಿಯ ಮುನ್ನಾದಿನ. ಮೂರನೆಯದು, ನವರಾತ್ರಿ ಶುರುವಾದ ದಿನ. ನಾಲ್ಕನೆಯದು ಎಂಜಿನಿನ ಬೆಲ್ಟು ತುಂಡಾದ ದಿನ.

"ಸುಳ್ಳು" ಎಂದು ಒಳಗಿನಿಂದ ಅವರ ಹೆಂಡತಿ ಹೇಳಿದರು. "ಬೆಲ್ಟು ತುಂಡಾದದ್ದು ಮೀನಿಗೆ ಹೋದಾಗ. ಬಾಟ್ಲಿಗೆ ಹೋದಾಗ ಅಲ್ಲ."

ವಾಮಣ್ಣ ಯೋಚಿಸಿದರು. "ಹೌದು. ಅದನ್ನು ತೆಗೆಯಿರಿ."

ಐರಿನ್ ತೆಗೆದರು. ಮೂರು ದಿನ ಉಳಿದವು. ಆ ಮೂರರ ಎದುರು ‘ಬೇರೆ ನೀರು’ ಎಂದು ಬರೆದರು. ಎಂಟು ವರ್ಷಗಳ ಉಳಿದ ಎಲ್ಲ ಸೆಪ್ಟೆಂಬರ್, ಅಕ್ಟೋಬರ್ ಹಾಳೆಗಳ ಎದುರು ‘ಖಚಿತವಿಲ್ಲ’ ಎಂದು ಬರೆದರು. ಬೇರೆ ತಿಂಗಳುಗಳನ್ನು ಮುಟ್ಟಲಿಲ್ಲ. ಆಮೇಲೆ ನಮೂನೆ ತೆಗೆದು, ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದರು. ಕೆಳಗಿನ ಗೆರೆಗಳಲ್ಲಿ ಇಂಗ್ಲಿಷಿನಲ್ಲಿ ಬರೆದು, ಬರೆದದ್ದನ್ನು ವಾಮಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದರು. ಜಾಗವನ್ನು ಕಡಲಿನಲ್ಲಿ ಪರೀಕ್ಷಿಸಲಾಗಿದೆ, ಸರಿಯಿದೆ. ನೀರು ಹಸಿರಾದ ದಿನಗಳಲ್ಲಿ ಮಾದರಿಯನ್ನು ಹಸಿರಿನ ಹೊರಗೆ ತೆಗೆಯಲಾಗಿದೆ. ನೀರು ಯಾಕೆ ಬೇಕೆಂದು ದೋಣಿ ನಡೆಸುವವರಿಗೆ ತಿಳಿಸದಿದ್ದದ್ದು ನನ್ನ ತಪ್ಪು. ಹಸಿರು ಹೆಚ್ಚಿದೆ ಎಂಬ ನಮ್ಮ ಹಿಂದಿನ ಹೇಳಿಕೆಯನ್ನು ಹಿಂತೆಗೆದುಕೊಳ್ಳುತ್ತೇವೆ.

"ಹಾಗಾದರೆ ಎಂಟು ವರ್ಷ ಹೋಯಿತಾ?" ವಾಮಣ್ಣ ಕೇಳಿದರು.

"ಇಟ್ಟುಕೊಳ್ಳಬಹುದು, ಬಿಡಬಹುದು. ಅದನ್ನು ಅವರು ಹೇಳ್ತಾರೆ. ನನ್ನ ಕೈಯಲ್ಲಿಲ್ಲ."

"ನನ್ನ ಹೆಸರು ಉಂಟಾ ಅದರಲ್ಲಿ?"

ಐರಿನ್ ಹಾಳೆಗಳನ್ನು ತಿರುವಿದರು. ಎಂಟು ವರ್ಷದ ಹಾಳೆಗಳಲ್ಲಿ ‘ದೋಣಿ’ ಎಂಬ ಕಾಲಂ ಇತ್ತು, ‘ಸಹಾಯಕರು’ ಎಂಬ ಕಾಲಂ ಇತ್ತು. ವಾಮನ ಕುಂದರ್ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

"ಇಲ್ಲ ವಾಮಣ್ಣ."

"ಮಾಡಿದ್ದು ನಾನು. ಹೆಸರು ಹಾಕದಿದ್ದರೆ ಹೇಗೆ?" ಪೆನ್ನು ಕೇಳಿ ತೆಗೆದುಕೊಂಡರು. ನಮೂನೆಯಲ್ಲಿ ಕೊನೆಯ ಒಂದು ಗೆರೆ ಖಾಲಿ ಉಳಿದಿತ್ತು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ, ಅವಸರವಿಲ್ಲದೆ ಬರೆದರು: ‘ಜಾಗ ಸರಿ ಇತ್ತು. ನೀರು ಆರಿಸಿದ್ದು ನಾನು. ವಾಮನ ಕುಂದರ್, ಕಾಪು.’

ಐರಿನ್ ಅದನ್ನು ಅಲ್ಲಿಯೇ ಮೊಬೈಲಿನಲ್ಲಿ ಫೋಟೊ ಹಿಡಿದು ಕಳಿಸಿದರು. ಗಂಟೆ ಹನ್ನೊಂದೂ ಹತ್ತು. ಕಡಲಿಗೆ ಮುಂದಿನ ಸಲ ಹೋಗುವ ದಿನ ಯಾವುದೆಂದು ವಾಮಣ್ಣ ಕೇಳಿದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಂಡರು.

ನಾನು ಕಾಪುವಿನಿಂದ ಪಡುಬಿದ್ರಿಗೆ ಬಂದು, ಅಲ್ಲಿಂದ ಬೆಳ್ಮಣ್, ನಿಟ್ಟೆ ದಾರಿಯ ಕಾರ್ಕಳ ಬಸ್ಸು ಹಿಡಿದೆ. ನಿಟ್ಟೆಯಲ್ಲಿ ಕಾಲೇಜಿನ ಮಕ್ಕಳು ತುಂಬಿಕೊಂಡರು. ಮನೆ ಸೇರಿದಾಗ ಮೂರು ಗಂಟೆ. ಕುಕ್ಕುಂದೂರಿನಲ್ಲಿ ಮೋಡ ಸರಿದು, ಕುದುರೆಮುಖ ಕಡಲಿನಿಂದ ಕಂಡದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಂಡಿತು. ಇಷ್ಟು ವರ್ಷ ದಿನಾ ನೋಡಿದ ಗುಡ್ಡ. ಅದರ ಮೂಗಿನಿಂದ ದೀಪಸ್ತಂಭದ ತಲೆಗೆ ಒಂದು ಗೆರೆ ಎಳೆದು ಕಡಲಿಗೆ ಎಂಟು ಕಿಲೋಮೀಟರ್ ಮುಂದುವರಿಸಿದರೆ ಆ ಜಾಗ ಸಿಗುತ್ತದೆ. ಇನ್ನೂರು ಮೀಟರ್ ಆಚೀಚೆ.